ಕೈಮಡುವಿನ ಸೀತೆ

ಮಡುವಿನಿಂದ ಕೈಯೊಂದು ಮೇಲೆದ್ದು, ದಂಡೆಯಲ್ಲಿ ಬಗ್ಗಿದ ಮಕ್ಕಳನ್ನು ಒಳಗೆಳೆಯುತ್ತದೆ, ಅದಕ್ಕೇ ಇದು ಕೈಮಡು ಎಂದು ಅಜ್ಜಿ ಹೇಳುತ್ತಿದ್ದಳು. ಮಕ್ಕಳನ್ನು ನೀರಿನಿಂದ ದೂರವಿಡಲು ಕಟ್ಟಿದ ಮಾತಿರಬೇಕೆಂಬ ಅನುಮಾನ ನನಗೆ ಆಗಲೇ ಇತ್ತು. ಇಂದು ಅದೇ ಮಡುವಿನ ದಂಡೆಯಲ್ಲಿ ನಮ್ಮ ಸೀಮೆಯ ಕಲಾ ಸಂಗ್ರಹಾಲಯ ನಿಂತಿದೆ. ಗಿಲಾವು ಕಾಣದ ಕಾಂಕ್ರೀಟಿನ ಗೋಡೆಗಳು, ಕೆಳಗೆ ಬೂದುಗಲ್ಲಿನ ಜಗಲಿ. ಮುಂದಿನ ಅಂಕಣಗಳಲ್ಲಿ ಈ ಕಾಲದ ಕ್ಯಾನ್ವಾಸುಗಳು, ಮರದ ಮುಖವಾಡಗಳು, ಕಸೂತಿ ಕುಪ್ಪಸಗಳು. ಹಿಂದಿನ ಅಂಕಣವೊಂದು ಮಾತ್ರ ಕಂಬಗಳ ಮೇಲೆ ಮಡುವಿನತ್ತ ಚಾಚಿಕೊಂಡಿದೆ. ಅದರ ಉತ್ತರದ ಗೋಡೆಯೆಲ್ಲ ಗಾಜು. ಬಿಸಿಲು ತಾಗದೆ, ಬೆಳಕಷ್ಟೇ ಅಲ್ಲಿ ತೂಗುಹಾಕಿದ ತೊಗಲುಗೊಂಬೆಗಳ ಮೈಯೊಳಗಿಂದ ಹಾಯ್ದು ಬರಲೆಂದು ವಾಸ್ತುಶಿಲ್ಪಿ ಹೀಗೆ ಯೋಜಿಸಿದರಂತೆ. ಆ ಗೊಂಬೆಗಳ ನಡುವೆ ತೂಗುವ ಸೀತೆಗೆ ಬಲಗೈ ಇಲ್ಲ.

ಆ ಕೈಯ ಐತಿಹ್ಯವನ್ನು ನನಗೆ ಹೇಳಿದವರು, ಗೊಂಬೆಯಾಡಿಸುವ ಮನೆತನದ ಹಿರಿಯರಾದ ಹುಲಿಗೆವ್ವ. ಹಿಂದೆ ಒಮ್ಮೆ, ಮೇಳಗಳು ಎತ್ತಿನ ಗಾಡಿಯಲ್ಲಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಆ ಮನೆತನದ ತಿಮ್ಮಣ್ಣನಿಗೆ ನಾಗಿ ಎಂಬ ಒಬ್ಬಳೇ ಮಗಳಿದ್ದಳು ಎನ್ನುತ್ತಾರೆ. ತೊಗಲು ಕೊರೆದು ಬಣ್ಣ ತುಂಬುವುದರಲ್ಲಿ ಅವಳ ನಯ ಬೇರೆ ಯಾರಿಗೂ ಬರಲಿಲ್ಲವಂತೆ. ಜ್ವರದಲ್ಲಿ ಅವಳು ತೀರಿಕೊಂಡಾಗ, ಅವಳು ಮಾಡಿದ ಕೊನೆಯ ಗೊಂಬೆಯೆಂದು ಉಳಿದದ್ದು ಈ ಸೀತೆ. ಮರುವರ್ಷದ ಆಟದಲ್ಲಿ ಸೀತೆಯ ಬಲಗೈ ಕಿತ್ತುಬಂತು. ಕುಣಿದು ಹರಿದ ಗೊಂಬೆಯನ್ನು ಹೊಲಿಯುವಂತಿಲ್ಲ, ಅರಿಸಿನ ಹಚ್ಚಿ ಮಡುವಿಗೆ ಬಿಡಬೇಕೆಂಬುದು ಅವರ ಕಟ್ಟಳೆ. ಪರದೆಯ ಹಿಂದೆ ಒಮ್ಮೆಯೂ ಕುಣಿಯದ ಗೊಂಬೆಗೆ ಮಾತ್ರ ಈ ಕಟ್ಟಳೆಯಿಲ್ಲ, ಅದಕ್ಕೆ ಇನ್ನೂ ಜೀವ ಬಂದಿಲ್ಲವೆಂದು ನಂಬಿಕೆ. ಒಬ್ಬನೇ ದಂಡೆಗೆ ಹೋದ ತಿಮ್ಮಣ್ಣ ಸೀತೆಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಮರಳಿದ. ಅವನ ಅಣ್ಣ ಕೆರಳಿದ.

"ಏ ತಿಮ್ಮಾ, ಬಿಟ್ಟು ಬಾ ಅಂದ್ರ ಹೊತ್ಕೊಂಡು ಬಂದೀಯಲ್ಲೋ! ಆಕಿನ್ನ ಪೆಟಗ್ಯಾಗ ಇಟ್ಟರ ಉಳದ ಗೊಂಬಿ ಕುಣೀತಾವೇನು?"

"ಕೈ ಒಂದನ್ನ ನೀರಿಗೆ ಹಾಕೀನಣ್ಣ. ಉಳದದ್ದು ನನ್ನ ಮಗಳದು."

ಅಂದಿನಿಂದ ಮೇಳ ಕಳೆಗುಂದಿತು, ಉಳಿದ ಗೊಂಬೆಗಾಗಿ ಮಡು ಕಾಯುತ್ತಲೇ ಇದೆ ಎನ್ನುತ್ತಾರೆ.

ಆಟ ನಿಂತುಹೋದ ಮೇಲೆ ಪೆಟ್ಟಿಗೆಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದವರು ಹುಲಿಗೆವ್ವನೇ. ಆಮೇಲೆ ಒಮ್ಮೆ ನನ್ನೊಡನೆ ಬಂದು, ಸೀತೆಯ ಮುಂದೆ ಬಹಳ ಹೊತ್ತು ನಿಂತಿದ್ದರು. "ನಮ್ಮ ಮನಿತನಕ್ಕ ಹತ್ತಿದ ತಪ್ಪು, ತಂಗಿ, ಇದು. ನಾನರ ಬಿಡಬೇಕಿತ್ತು. ಈಗ ಬಿಡೂಣಂದ್ರ ನೀರು ಎಲ್ಲೈತಿ?" ಎಂದರು. ಸಂಗ್ರಹಾಲಯದ ಕಂಬಗಳನ್ನು ನೆಲಕ್ಕಿಳಿಸುವಾಗ ಮಡುವಿನ ಒರತೆ ಮುಚ್ಚಿಹೋಗಿತ್ತು. ಆ ಕೊರಗಿನಲ್ಲೇ ಅವರು ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು.

ಈಗಲೂ ನೋಡಲು ಬಂದವರು ಗಾಜಿಗೆ ಹಣೆಯಿಟ್ಟು ಕೆಳಗೆ ಬಿರಿದ ಕೆಸರನ್ನು ನೋಡುತ್ತಾರೆ, ತಿರುಗಿ ಸೀತೆಯನ್ನು ನೋಡುತ್ತಾರೆ. ಕೈ ಹರಿದ ಕಥೆಯನ್ನು ಗೋಡೆಯ ಫಲಕ ಹೇಳುತ್ತದೆ. ಹುಲಿಗೆವ್ವ ಹೋದ ಮೇಲಿನ ಬೇಸಿಗೆಯಲ್ಲಿ, ಗಾಜು ಒರೆಸಲು ಗೊಂಬೆಗಳನ್ನು ಇಳಿಸಿದ್ದಾಗ, ಅನುಮತಿ ಪಡೆದು ನಾನು ಸೀತೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಆಡಿಸುವ ಕೋಲನ್ನು ಕಟ್ಟಿದ ಗುರುತು ಮೈಮೇಲೆ ಎಲ್ಲಿಯೂ ಇಲ್ಲ. ಎಡಭುಜದಲ್ಲಿ ಕೈ ಪೋಣಿಸಿದ ತೂತಿದೆ. ಬಲಭುಜದ ಅಂಚು ಹರಿದಿಲ್ಲ. ಅಲ್ಲಿ ತೂತನ್ನೇ ನಾಗಿ ಇನ್ನೂ ಕೊರೆದಿರಲಿಲ್ಲ.