ಅರ್ಧಕ್ಕಿಂತ ಹೆಚ್ಚು ದುರಸ್ತಿ

ಕೆಂಚನದುರ್ಗದ ಪಾರುಪತ್ತೇಗಾರ ನಂಜರಾಜಯ್ಯ ಒಂದು ದಿನ ತುಂಬಿದ ಆಸ್ಥಾನದಲ್ಲಿ ಎದೆಯುಬ್ಬಿಸಿ ಹೇಳಿದ:

"ಮಹಾಸ್ವಾಮಿ, ಹೊಳೆದಂಡೆಯ ಮನೆಗಳಿಗೆ ನಾನು ಬರೆದ ಕಟ್ಟಳೆ ಇದೆಯಲ್ಲ, ಅದರಲ್ಲಿ ನೀರೂ ನುಸುಳಲಾರದು, ಮನುಷ್ಯನೂ ನುಸುಳಲಾರ!"

ಮಳೆಗಾಲ ಬಂತೆಂದರೆ ಹೊಳೆ ದಂಡೆಯ ಕೇರಿಗೆ ನುಗ್ಗುತ್ತಿತ್ತು. ಅದಕ್ಕಾಗಿ ಈ ಕಟ್ಟಳೆ. ಅಲ್ಲಿನ ಮನೆ ಅರ್ಧಕ್ಕಿಂತ ಹೆಚ್ಚು ದುರಸ್ತಿಯಾದರೆ ಅದು ಹೊಸ ಮನೆ. ಹೊಸ ಮನೆಯನ್ನು ಏಳು ಮೊಳ ಎತ್ತರಿಸಬೇಕು, ಇಲ್ಲವೇ ಕೆಡವಬೇಕು. ಕೆಡವಿದರೆ ಜಾಗ ಅರಮನೆಗೆ. ಅರಮನೆಗೆ ಬಂದ ಜಾಗವೆಲ್ಲ ಅದು ಹೇಗೋ ನಂಜರಾಜಯ್ಯನ ಭಾವಮೈದನ ಬಾಳೆತೋಟದೊಳಗೆ ಸೇರಿಹೋಗುತ್ತಿತ್ತು.

ಅವನ ಮಾತು ಮುಗಿಯುವಷ್ಟರಲ್ಲಿ ಮಂಡಕ್ಕಿ ಹುರಿದು ಮಾರುವ ಹಾಲಮ್ಮ ಒಳಗೆ ಬಂದು ದೊರೆಗೆ ಅಡ್ಡಬಿದ್ದಳು.

"ಬುದ್ಧೀ, ನನ್ನ ಮನೆ ಕೆಡವೋಕೆ ಆಳು ಕಳಿಸಿದ್ದಾರೆ. ಭಟ್ಟಿಯೂ ಅಲ್ಲೇ, ಬದುಕೂ ಅಲ್ಲೇ. ಏಳು ಮೊಳ ಎತ್ತೋಕೆ ನಾನೆಲ್ಲಿಂದ ತರಲಿ?"

"ಮನೆ ಹೊಸದಾಗಿದೆ ಮಹಾಸ್ವಾಮಿ," ಎಂದ ನಂಜರಾಜಯ್ಯ. "ನಾಲ್ಕು ಗೋಡೆಯಲ್ಲಿ ಮೂರು ಹೊಸವು."

"ಒಂದೊಂದು ನೆರೆಗೆ ಒಂದೊಂದು ಗೋಡೆ ಬಿತ್ತು ಬುದ್ಧೀ. ಪ್ರತಿ ಸಲವೂ ಇವರನ್ನೇ ಕೇಳಿ ಕಟ್ಟಿಸಿದೆ. ಮೂರು ಸಲವೂ ಕಾಣಿಕೆ ತಗೊಂಡು ಇವರೇ ಪರವಾನಗಿ ಕೊಟ್ಟರು!"

"ಒಂದೊಂದು ಗೋಡೆಗೆ ಕೊಟ್ಟೆ. ಮೂರಕ್ಕೂ ಒಟ್ಟಿಗೆ ಕೊಟ್ಟೆನೇ? ಕೂಡಿಸಿ ನೋಡೋದು ನಿನ್ನ ಕೆಲಸವಾಗಿತ್ತು."

ದೊರೆ ಹಿರೇಮಲ್ಲ ನಾಯಕನಿಗೆ ಹಾಲಮ್ಮನ ಮೇಲೆ ಕನಿಕರ. ಆದರೆ ಕಟ್ಟಳೆಗೆ ತಾನೇ ಮುದ್ರೆ ಒತ್ತಿದ್ದ. ತಲೆ ಕೆರೆದುಕೊಂಡು ಸೋವಯ್ಯನ ಕಡೆ ನೋಡಿದ. ಸೋವಯ್ಯ ಅರಮನೆಯ ಕಾಗದಪತ್ರ ಬರೆಯುವವನು. ಬರೆಯುವುದಕ್ಕಿಂತ ನಡುವೆ ಬಾಯಿ ಹಾಕುವುದೇ ಅವನಿಗೆ ಹೆಚ್ಚು ಇಷ್ಟ.

"ಪಾರುಪತ್ತೇಗಾರರೇ," ಎಂದ ಸೋವಯ್ಯ ಬಹಳ ವಿನಯದಿಂದ, "ಒಂದೊಂದಾಗಿ ಮಾಡಿಸಿದ್ದನ್ನೂ ಕೂಡಿಸಲೇಬೇಕೇ?"

"ಕೂಡಿಸಲೇಬೇಕು."

"ಅರ್ಧ ದಾಟಿದರೆ ಹಳೆಯದು ಹೋಯಿತು, ಹೊಸದು ಬಂತು ಅಂತಲೇ?"

"ಅಂತಲೇ."

"ಹಾಗಾದರೆ ಹಳೆಯದಕ್ಕೆ ಕೊಟ್ಟ ಸನ್ನದು?"

"ಹೊಸದಕ್ಕೆ ನಡೆಯೋದಿಲ್ಲ."

"ಇದು ಬರೀ ಮನೆಗೋ?"

"ಮನೆಗೇನು, ಲೋಕದಲ್ಲಿರುವ ಸಮಸ್ತಕ್ಕೂ ಇದೇ ನ್ಯಾಯ!" ನಂಜರಾಜಯ್ಯ ಹಲ್ಲು ಕಿರಿದು ನಕ್ಕ.

"ನಗು ಹಾಗೇ ಇರಲಿ, ಸ್ವಲ್ಪ ಇನ್ನೂ ಅಗಲವಾಗಿ," ಎನ್ನುತ್ತ ಸೋವಯ್ಯ ಅವನ ಬಾಯೊಳಗೆ ಬಗ್ಗಿ ಎಣಿಸತೊಡಗಿದ. "ಒಂದು, ಎರಡು, ಮೂರು... ಹದಿನೆಂಟು! ಮಹಾಸ್ವಾಮಿ, ಮೂವತ್ತೆರಡು ಹಲ್ಲಿನಲ್ಲಿ ಹದಿನೆಂಟು ಆನೆದಂತದ ಕಟ್ಟುಹಲ್ಲು. ಅರ್ಧ ದಾಟಿದೆ. ಮೈ ಅಳೆಯುವುದು ಬೇಡ, ಇವರು ಅರಮನೆಗೆ ದುಡಿಯೋದು ಬಾಯಲ್ಲಿ ಮಾತ್ರ."

ಆಸ್ಥಾನ ಕಿಸಕ್ಕನೆ ನಕ್ಕಿತು.

"ಅಂದಮೇಲೆ ಹಳೆಯ ನಂಜರಾಜಯ್ಯನವರು ತೀರಿಕೊಂಡರು, ಪಾಪ. ಪಾರುಪತ್ಯದ ಸನ್ನದು ಅವರ ಹೆಸರಿನಲ್ಲಿತ್ತು. ಈ ಹೊಸಬರು ಯಾರೋ, ಅವರ ಅಂಗಿ ಹಾಕಿಕೊಂಡು ಬಂದು ಕೂತಿದ್ದಾರೆ. ಕಟ್ಟಳೆಯಲ್ಲಿ ಇರೋದು ಎರಡೇ ದಾರಿ. ಏಳು ಮೊಳ ಎತ್ತಬೇಕು, ಇಲ್ಲವೇ ಕೆಡವಬೇಕು. ಎತ್ತುವುದಾದರೆ ಹಗ್ಗ ತರಿಸಲೇ?"

ನಂಜರಾಜಯ್ಯನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಇದು ತಮಾಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ, ಏಕೆಂದರೆ ದೊರೆ ಚಾವಣಿಯ ತೊಲೆಯ ಎತ್ತರ ನೋಡುತ್ತಿದ್ದ.

"ಅನ್ಯಾಯ ಮಹಾಸ್ವಾಮಿ!" ಎಂದು ಕಿರುಚಿದ. "ನಾನು ಹಳಬನೇ! ಹದಿನೆಂಟೂ ಒಟ್ಟಿಗೆ ಹಾಕಿಸಿದ್ದಲ್ಲ. ಬಿದ್ದ ಹಾಗೆ ಒಂದೊಂದಾಗಿ ಹಾಕಿಸಿದ್ದು! ಬಿದ್ದದ್ದನ್ನು ಕಟ್ಟಿಸಿಕೊಳ್ಳೋದು ತಪ್ಪೇ? ಒಂದೊಂದಾಗಿ ಆದದ್ದನ್ನು ಕೂಡಿಸಬಾರದು!"

ಸೋವಯ್ಯ ಅವಸರದಿಂದ ಲೇಖನಿಯನ್ನು ಮಸಿಗೆ ಅದ್ದಿ ಬರೆದುಕೊಂಡ.

"ಬರೆದೆ ಮಹಾಸ್ವಾಮಿ. ಇದು ಹಾಲಮ್ಮನ ವಾದ. ಹೇಳಿದವರು ಪಾರುಪತ್ತೇಗಾರರು."

ದೊರೆ ನಕ್ಕ ನಗೆಗೆ ಮುಂಡಾಸು ಮಡಿಲಿಗೆ ಬಿತ್ತು. ಅಲ್ಲೇ ತೀರ್ಪು ಕೊಟ್ಟ: ಹಾಲಮ್ಮನ ಮನೆ ಹಳೆಯ ಮನೆ. ಇನ್ನು ಮುಂದೆ ಪರವಾನಗಿ ಕೊಡುವವನೇ ಹಿಂದಿನದನ್ನೆಲ್ಲ ಕೂಡಿಸಿ, ಗೋಡೆ ಏಳುವ ಮೊದಲೇ ಹೇಳಬೇಕು. ಹಾಲಮ್ಮ ಕೊಟ್ಟ ಕಾಣಿಕೆ ಅವಳಿಗೆ ವಾಪಸು.

ಸೋವಯ್ಯನಿಗೆ ದೊರೆ ತನ್ನ ಕೈಯ ಕಡಗ ತೆಗೆದುಕೊಟ್ಟ. ನಂಜರಾಜಯ್ಯ ಮಾತ್ರ ಅಂದಿನಿಂದ ಆಸ್ಥಾನದಲ್ಲಿ ತುಟಿ ಬಿಚ್ಚಿ ನಗಲಿಲ್ಲ.