ಕೆಂಪು ಶಾಯಿಯ ಕಾಗದಗಳು

"ಗುರುಗಳೇ, ನರ್ಸಿಂಗ್ ಕಲಿಯಲು ಹೋದ ನನ್ನ ತಂಗಿ ಮೊದಲ ಸಲ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದಾಳೆ. ಒಂದೇ ಪುಟದಲ್ಲಿ ಹದಿನೇಳು ತಪ್ಪು. ತಿದ್ದಿ ವಾಪಸ್ಸು ಕಳಿಸಿದರೆ ಕಲಿತಾಳಲ್ಲವೇ?" ಎಂದು ಮಹಾಲಿಂಗ ಕೇಳಿದ.

ಗುರುಗಳು ಕಾಗದಕ್ಕೆ ಕೈ ಚಾಚಲಿಲ್ಲ. "ಹದಿನೇಳೂ ಎಣಿಸಿದೆಯಾ? ಭಲೇ! ಕೂತುಕೋ," ಎಂದು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಹಿಂದಿಲ್ಲ, ಮುಂದಿಲ್ಲ. ಅವನಿಗಿದ್ದ ಒಬ್ಬನೇ ಗೆಳೆಯ ಆಸ್ಪತ್ರೆಯ ಕಂಪೌಂಡರ್. ಇಬ್ಬರೂ ಸಂಜೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಇಂಗ್ಲಿಷ್ ಕಲಿತವರು. ಕಂಪೌಂಡರನಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ದಿನ ಒಂದು ಕರಾರು ಮಾಡಿಕೊಂಡರು. ಇನ್ನು ಕಾಗದ ಬರೆದರೆ ಇಂಗ್ಲಿಷಿನಲ್ಲೇ. ಓದಿದವನು ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅದೇ ಕಾಗದವನ್ನು ಹಿಂದಕ್ಕೆ ಕಳಿಸಬೇಕು. ತಪ್ಪಿದವನು ಆ ಪದವನ್ನು ಮುಂದಿನ ಕಾಗದದ ಕೊನೆಗೆ ಹತ್ತು ಸಲ ಬರೆಯಬೇಕು. ಶಾಲೆಯಲ್ಲಿ ಮೇಷ್ಟ್ರು ಬರೆಸುತ್ತಿದ್ದರಲ್ಲ, ಹಾಗೆ.

ಗಡಿಯಾರದವನ ಕಣ್ಣು ಬಲು ಚುರುಕು. ಕೂದಲೆಳೆಯಷ್ಟು ತಪ್ಪನ್ನೂ ಬಿಡುತ್ತಿರಲಿಲ್ಲ. ಟಪಾಲು ಬಂದ ದಿನ ಅಂಗಡಿಯ ಅರ್ಧ ಬಾಗಿಲು ಹಾಕಿ, ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ವಾರದಲ್ಲಿ ಅವನಿಗೆ ಹಬ್ಬವೆಂದರೆ ಅದೊಂದೇ.

ಕಂಪೌಂಡರ್ ಮೊದಮೊದಲು ನಾಲ್ಕು ಪುಟ ಬರೆಯುತ್ತಿದ್ದ. ಆಮೇಲೆ ಎರಡು ಪುಟ, ಆಮೇಲೆ ಅರ್ಧ ಪುಟ. ತಪ್ಪುಗಳೂ ಕಡಿಮೆಯಾಗುತ್ತ ಬಂದವು. ಕೊನೆಗೊಂದು ದಿನ ಮೂರು ಸಾಲಿನ ಕಾಗದ ಬಂತು: ನಾನು ಕ್ಷೇಮ, ಇಲ್ಲಿ ಬಿಸಿಲು ಹೆಚ್ಚು, ನೀನೂ ಕ್ಷೇಮವೆಂದು ಭಾವಿಸುತ್ತೇನೆ. ತಿರುಗಿಸಿ ಮುರುಗಿಸಿ ನೋಡಿದರೂ ಒಂದು ತಪ್ಪಿಲ್ಲ. ಗಡಿಯಾರದವನು ಹಿಗ್ಗಿ ಹೀರೇಕಾಯಿಯಾದ. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಶಭಾಷ್ ಎಂದು ಬರೆದು ಕಳಿಸಿದ, ಮಹಾನುಭಾವ!

ಮತ್ತೆ ಕಾಗದ ಬರಲಿಲ್ಲ. ಆರು ತಿಂಗಳು ಟಪಾಲಿನವನ ದಾರಿ ಕಾದು, ಕೊನೆಗೆ ಬಸ್ಸು ಹತ್ತಿದ.

ಆ ಆಸ್ಪತ್ರೆಯಲ್ಲಿ ಹೊಸ ಕಂಪೌಂಡರ್ ಇದ್ದ. "ಹೆಂಡತಿ ತೀರಿಕೊಂಡ ಮೇಲೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ ಸ್ವಾಮಿ. ಕೆಲಸ ಬಿಟ್ಟು ಹೋದರು. ಎಲ್ಲಿಗೆ ಅಂತ ಯಾರಿಗೂ ಹೇಳಲಿಲ್ಲ. ಇದೊಂದು ಕಟ್ಟು ಬಿಟ್ಟು ಹೋಗಿದ್ದಾರೆ," ಎಂದು ತೆಗೆದುಕೊಟ್ಟ.

ತಾನು ತಿದ್ದಿ ಕಳಿಸಿದ ಕಾಗದಗಳು. ಗಡಿಯಾರದವನು ಬಸ್ಸಿನಲ್ಲಿ ಕೂತು ಕೆಂಪನ್ನು ಬಿಟ್ಟು ಕಪ್ಪನ್ನಷ್ಟೇ ಓದಿದ. ವರ್ಷದ ಹಿಂದಿನ ಕಾಗದವೊಂದರಲ್ಲಿ ಹೀಗಿತ್ತು: ನನ್ನವಳು ಹೋದಳು. ಮನೆಯಲ್ಲಿ ಒಂಟಿಯಾಗಿದ್ದೇನೆ. ಒಂದು ಸಲ ಬಂದು ಹೋಗು. ಆ ಮೂರು ಸಾಲಿಗೆ ಅವನು ಐದು ಕಡೆ ಕೆಂಪು ಗೆರೆ ಎಳೆದಿದ್ದ. ಅದರ ಮುಂದಿನ ಕಾಗದದ ಕೊನೆಗೆ, ಕರಾರಿನಂತೆ, ಒಂಟಿ ಎಂಬರ್ಥದ ಇಂಗ್ಲಿಷ್ ಪದವನ್ನು ಗೆಳೆಯ ಹತ್ತು ಸಲ ದುಂಡಗೆ ಬರೆದಿದ್ದ. ಹತ್ತೂ ಸರಿಯಾಗಿವೆ ಎಂದು ಗಡಿಯಾರದವನು ಪಕ್ಕದಲ್ಲಿ ಗುರುತು ಹಾಕಿದ್ದ. ಅವನು ಬಸ್ಸಿನಲ್ಲೇ ಬಿಕ್ಕಿಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗ ಕೈಯಲ್ಲಿದ್ದ ಕಾಗದವನ್ನು ಮಡಿಸತೊಡಗಿದ.

"ಸರಿಯಪ್ಪಾ, ನಿನ್ನ ತಂಗಿ ಏನು ಬರೆದಿದ್ದಾಳೆ, ಹೇಳು," ಎಂದರು ಗುರುಗಳು.

ಮಹಾಲಿಂಗ ಮಡಿಸಿದ ಕಾಗದವನ್ನು ಬಿಚ್ಚಿ, ಮೊದಲ ಸಾಲಿನಿಂದ ಓದತೊಡಗಿದ.