ನಿಂತ ಮಗುವಿನ ಮುಂದೆ ಕುರಿನಾಯಿ ಮುಖ ತಿರುಗಿಸುವುದೇಕೆ?

ಬೆಟ್ಟಗಳು ಕೂರಲು ಇನ್ನೂ ಜಾಗ ಹುಡುಕುತ್ತಿದ್ದ ಕಾಲ ಅದು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಅದರ ದಂಡೆಯ ಮಣ್ಣು ಇನ್ನೂ ಹಸಿಯಾಗಿತ್ತು.

ಆಗ ಕುರಿಗಳಿಗೆ ಗುಂಪಾಗಿರುವುದು ತಿಳಿಯದು. ಒಂದು ಮೂಡಣಕ್ಕೆ ಓಡಿದರೆ ಇನ್ನೊಂದು ಪಡುವಣಕ್ಕೆ. ಒಂಟಿಯಾದ ಕುರಿಯನ್ನು ತೋಳ ಎತ್ತಿಕೊಂಡು ಹೋಗುತ್ತಿತ್ತು.

ಕುರಿ ಕಾಯುವ ಲಗಮವ್ವ ಗಾಳಿಯನ್ನು ಕರೆದಳು. "ಎಲ್ಲಾರಕಿಂತ ಜೋರ ಓಡಾಕಿ ನೀನ. ನನ್ನ ನಾಯಿಗೂ ಒಂದೀಟು ಕಲಿಸವ್ವಾ."

ಗಾಳಿ ನಾಯಿಯ ಕಿವಿಯಲ್ಲಿ ಹೇಳಿತು: "ಓಡಿದ್ದನ್ನ ತಿರುಗಸು. ಸುತ್ತು ಹಾಕಿ ತಿರುಗಸು. ಕೇಳಲಿಲ್ಲಂದ್ರ ಹಿಮ್ಮಡಿ ಹಿಡದು ತಿರುಗಸು."

ಅಷ್ಟು ಹೇಳಿ ಹೊರಟುಹೋಯಿತು. ಗಾಳಿಗೆ ಒಂದು ಕಡೆ ನಿಂತು ಗೊತ್ತಿಲ್ಲವಲ್ಲ!

ಆ ನಾಯಿಯ ಹೆಸರು ಗುಡುಗ. ಕುರಿ ಓಡಿದರೆ ತಿರುಗಿಸಿದ. ತರಗೆಲೆ ಓಡಿದರೂ ತಿರುಗಿಸಹೋದ. ಮೋಡದ ನೆರಳು ಓಡಿದರೆ ಅದರ ಹಿಂದೆಯೂ ಬಿದ್ದ. ಓಡುವುದೆಲ್ಲ ಅವನಿಗೆ ಕುರಿಯೇ. ಲಗಮವ್ವ ನೋಡಿ ನಕ್ಕಳು. ಅವಳ ಇಬ್ಬರು ಮಕ್ಕಳೂ ನಕ್ಕರು.

ಒಂದು ದಿನ ಕುರಿಯೊಂದು ಮರಿ ಹಾಕಲಾಗದೆ ಒದ್ದಾಡುತ್ತಿತ್ತು. ಲಗಮವ್ವ ಅದರ ಪಕ್ಕ ಮೊಣಕಾಲೂರಿ ಕೂತಿದ್ದಳು. ಮಗಳು ಕೆಂಚವ್ವ, ಪುಟ್ಟ ಮಗ ಮಾಳ ಹೊಳೆಯ ಹತ್ತಿರದ ಬಯಲಲ್ಲಿ ಮುಟ್ಟಾಟ ಆಡುತ್ತಿದ್ದರು.

ಗುಡುಗ ದೂರದಿಂದ ನೋಡಿದ. ಅವನ ಕಿವಿ ನಿಮಿರಿತು. ಬಾಲ ಸೆಟೆಯಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿದ. ಕಣ್ಣು ಮಾತ್ರ ಮಕ್ಕಳ ಕಾಲಿನ ಮೇಲೆಯೇ.

"ನೋಡಲೇ ಮಾಳಾ, ಗುಡುಗನೂ ಆಟಕ್ಕ ಬರತಾನಂತ!" ಎಂದು ಕೆಂಚವ್ವ ನಕ್ಕಳು.

ಮಾಳ ಕಿರುಚಿ ಓಡಿದ. ಗುಡುಗ ಹಾರಿದ.

ಸುತ್ತು ಹಾಕಿದ. ಇನ್ನೊಂದು ಸುತ್ತು, ಇನ್ನೂ ಹತ್ತಿರದಿಂದ. ಮಾಳನ ನಗು ಅಳುವಾಯಿತು. ಅಳು ಜೋರಾದಷ್ಟೂ ನಾಯಿ ಜೋರಾಯಿತು. ಹಲ್ಲು ಹಿಮ್ಮಡಿಗೆ ತಾಗಿತು. ರಕ್ತ ಜಿನುಗಿತು. ಹುಡುಗ ದಿಕ್ಕು ತಪ್ಪಿ ಹೊಳೆಯ ಕಡೆಗೇ ಓಡಿದ.

"ಈ ಕಡೆ ಬರಬ್ಯಾಡೋ ಕೂಸೇ!" ಎಂದು ಹೊಳೆ ಕೂಗಿತು. "ನನ್ನ ದಂಡಿ ಇನ್ನೂ ಗಟ್ಟಿ ಆಗಿಲ್ಲ! ಕುಸೀತೈತಿ!"

"ಗುಡುಗಾ, ನಿಲ್ಲೋ!" ಕೆಂಚವ್ವ ಅರಚುತ್ತ ಬೆನ್ನಟ್ಟಿದಳು. ನಾಯಿ ಅವಳನ್ನೂ ಸುತ್ತಿತು.

"ಹೆಂಗ ನಿಲ್ಲಲಿ?" ಎಂದು ಗುಡುಗ ಏದುಸಿರಲ್ಲಿ ಬೊಗಳಿದ. "ನೀವು ಓಡತೀರಿ, ನನ್ನ ಕಾಲು ಓಡತಾವು! ನಿಲ್ಲೂದು ನನಗ ಯಾರೂ ಕಲಿಸಿಲ್ಲ!"

ದಾರಿಯಲ್ಲೊಂದು ಜಾಲಿಮರವಿತ್ತು. ಅದು ಮೆಲ್ಲಗೆ ಹೇಳಿತು: "ಕೆಂಚವ್ವಾ, ಅಂವ ನನ್ನ ಒಮ್ಮಿನೂ ಬೆನ್ನ ಹತ್ತಿಲ್ಲ ನೋಡು."

ಕೆಂಚವ್ವನಿಗೆ ಥಟ್ಟನೆ ಹೊಳೆಯಿತು. ಅತ್ತ ಮಾಳ ದಂಡೆಯ ಹತ್ತಿರ ಹೋಗುತ್ತಿದ್ದಾನೆ. ಓಡಿಹೋಗಿ ಹಿಡಿಯಲು ಅವಳ ಕಾಲು ತುಡಿಯುತ್ತಿದ್ದವು. ಆದರೂ ನಿಂತಳು. ಕೈ ಎದೆಗೆ ಮಡಚಿ, ಕಣ್ಣು ನೆಲಕ್ಕೆ ನೆಟ್ಟು ನಿಂತಳು. ನಾಯಿ ಅವಳನ್ನು ಬಿಟ್ಟು ಮಾಳನ ಕಡೆಗೆ ತಿರುಗಿತು.

ಈಗ ಕೂಗಿದರೆ ತಮ್ಮ ಇನ್ನಷ್ಟು ಓಡುತ್ತಾನೆ. ಅವಳು ದನಿ ತಗ್ಗಿಸಿದಳು. ಅವನನ್ನು ಮಲಗಿಸುವಾಗಿನ ದನಿಯಲ್ಲಿ ಹೇಳಿದಳು: "ಮಾಳಾ, ನನ್ನಪ್ಪಾ, ಗಿಡ ಆಗು. ಜಾಲಿಗಿಡ ಆಗು."

ಅಷ್ಟು ಸಣ್ಣ ದನಿ ಅಷ್ಟು ದೂರ ಹೋಗುವುದು ಹೇಗೆ? ಆಗಲೇ ಗಾಳಿ ತಿರುಗಿ ಬಂದಿತ್ತು. ತಾನು ಕಲಿಸಿದ ಪಾಠ ಏನಾಗಿದೆ ಎಂದು ನೋಡಿ ಅದರ ಉಸಿರೇ ಕಟ್ಟಿತು. ಅಕ್ಕನ ಮಾತನ್ನು ಎತ್ತಿಕೊಂಡು ಹೋಗಿ ತಮ್ಮನ ಕಿವಿಗೆ ಮುಟ್ಟಿಸಿತು.

ಮಾಳ ನಿಂತ.

ಅವನ ಕಾಲ ಬೆರಳಿನ ಮುಂದೆಯೇ ಒಂದು ಮಣ್ಣಿನ ಹೆಂಟೆ ಕಳಚಿ ದುಡುಂ ಎಂದು ನೀರಿಗೆ ಬಿತ್ತು. ಅವನು ಕದಲಲಿಲ್ಲ. ನಾಯಿ ಬಂತು. ಬಿಸಿಯುಸಿರು ಹೊಟ್ಟೆಗೆ ತಾಗಿತು. ಮಾಳನ ತುಟಿ ನಡುಗಿತು, ಕಣ್ಣೀರು ಇಳಿಯಿತು. ಆದರೂ ಗಿಡದಂತೆ ನಿಂತ.

ಗುಡುಗ ಮೂಸಿದ. ಇಲ್ಲಿ ಓಡುವುದು ಏನೂ ಇಲ್ಲ. ತುಟಿ ನೆಕ್ಕಿಕೊಂಡ. ಮೈ ಕೊಡವಿದ. ಮುಖ ಆಚೆ ತಿರುಗಿಸಿ ಕೂತುಬಿಟ್ಟ.

ಅಳು ಕೇಳಿ ಲಗಮವ್ವ ಕುರಿಯ ಬಳಿಯಿಂದ ಎದ್ದು ಬಂದಳು. ಎದೆ ಹೊಡೆದುಕೊಳ್ಳುತ್ತಿದ್ದರೂ ಓಡಲಿಲ್ಲ, ನಡೆದೇ ಬಂದಳು. ನಾಯಿಯ ಕುತ್ತಿಗೆ ಹಿಡಿದಳು. ಮಗನನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಗಾಯ ತೊಳೆದು ಅರಿಶಿನ ಹಚ್ಚಿದ ಮೇಲೆಯೇ ಅವಳ ಸಿಟ್ಟು ಹೊರಬಂತು.

"ಇವನ್ನ ಅಡವಿಗೆ ಅಟ್ಟಿಬಿಡತೀನಿ!"

"ಬ್ಯಾಡವ್ವಾ," ಎಂದಿತು ಗಾಳಿ. "ಅರ್ಧಾ ಪಾಠ ಹೇಳಿ ಹೋದಾಕಿ ನಾನು."

"ಹಂಗಾರ ಆ ಓಟಾ ತಿರುಗಿ ತಗೋ."

"ಅದು ಅವನ ಎಲುಬಿಗೆ ಇಳದೈತಿ. ತಗಿಯಾಕ ಬರೂದಿಲ್ಲ. ಉಳದದ್ದು ಹೇಳಿಕೊಡತೀನಿ."

ಗಾಳಿ ಗುಡುಗನ ಮೂಗಿನಲ್ಲಿ ಊದಿ ಹೇಳಿತು: "ಓಡಿದ್ದನ್ನ ತಿರುಗಸು. ನಿಂತದ್ದು ಕಂಡರ ನಿನ್ನ ಮುಖಾ ತಿರುಗಸು."

ಲಗಮವ್ವ ಉಣ್ಣೆ ಹೊಸೆದು ಹಗ್ಗ ಮಾಡಿ ಗುಡುಗನ ಕೊರಳಿಗೆ ಕಟ್ಟಿದಳು. "ಕೂಸುಗಳು ಓಡಿ ಆಡೂ ಹೊತ್ತಿಗೆ ನೀನು ನನ್ನ ಬಾಜೂಕ ಕೂಡಬೇಕು. ನಾನೂ ನಿನ್ನ ಮ್ಯಾಲೆ ಕಣ್ಣಿಟ್ಟಿರತೀನಿ. ನಕ್ಕೊಂತ ಕೂತದ್ದು ಸಾಕಾತು," ಎಂದಳು. ಗುಡುಗ ಅವಳ ಕೈ ನೆಕ್ಕಿದ.

ಅದಕ್ಕೇ ಕಂದಾ, ಇವತ್ತಿಗೂ ಮಕ್ಕಳು ಓಡುವುದು ಕಂಡರೆ ಹಗ್ಗದಲ್ಲಿ ಕೂತ ಕುರಿನಾಯಿಯ ಕಾಲು ನಡುಗುತ್ತವೆ. ನೀನು ಕೈ ಮಡಚಿ ಗಿಡದಂತೆ ನಿಂತರೆ ಮಾತ್ರ ಅದು ಒಮ್ಮೆ ಮೂಸಿ, ತುಟಿ ನೆಕ್ಕಿ, ಮೆಲ್ಲಗೆ ಮುಖ ಆಚೆ ತಿರುಗಿಸುತ್ತದೆ.